ಅಪ್ಪನ ಕಿವಿಯ ಯಂತ್ರ

ಕಿವಿಯ ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ಮೇಷ್ಟ್ರ ಮುಂದೆ ಅಕ್ಕ ತಮ್ಮ ಇಬ್ಬರು ರೇಗಾಡುತ್ತಿದ್ದರು. ಅವರ ಅಪ್ಪ ಬೆಂಚಿನ ಮೇಲೆ ಕೂತಿದ್ದರು.

“ಇದರೊಳಗಿನ ಚಿಪ್ ಕ್ಷಿಪಣಿಗೂ ಆಗುತ್ತಂತೆ. ಅದಕ್ಕೇ ಹೊರದೇಶದೋರು ಕಳಿಸೋದು ನಿಲ್ಲಿಸಿದ್ದಾರೆ,” ಎಂದ ತಮ್ಮ, ಅಪ್ಪನ ಕೆಟ್ಟುಹೋದ ಯಂತ್ರ ತೋರಿಸಿ.

“ಅಪ್ಪನ ಕಿವಿಯಿಂದ ಯಾರ ಮೇಲೆ ಬಾಂಬ್ ಹಾಕ್ತೀವೋ?”

“ಪಕ್ಕದ ದೇಶದ ಮೇಲೆ ನಮ್ಮೋರು ಹಾಕ್ತಿದ್ದಾರಲ್ಲಕ್ಕ. ತಡೆಯೋಕೆ ಹೊರದೇಶದೋರೂ ಗುಂಡೇ ಹಾರಿಸ್ಬೇಕಿತ್ತಾ?”

“ಹಾಕ್ಸೋರ ಕಿವಿ ಹಿಂಡಲಿ. ಅಪ್ಪನ ಕಿವಿ ಯಾಕೆ?”

“ಜನ ರೋಸಿಹೋಗಿ ಸರ್ಕಾರಾನ ಕೇಳ್ಲಿ ಅಂತ.”

“ಕೇಳಿದೋರು ಜೈಲಲ್ಲಿದ್ದಾರೆ. ನೀನು ಕೇಳ್ತೀಯಾ?”

ತಮ್ಮ ಬಾಗಿಲ ಕಡೆ ನೋಡಿದ.

ಅಪ್ಪ ಎದ್ದು ಬಂದರು. “ಏನಂತೆ?”

ಅಕ್ಕ ಅವರ ಕಿವಿಗೆ ಬಾಯಿಟ್ಟು, “ಯುದ್ಧ ಮುಗಿದ ಮೇಲೆ ಸಿಗುತ್ತಂತೆ,” ಎಂದಳು.

“ಯಾವಾಗ ಮುಗಿಸ್ತಾರಂತೆ ಈ ಹಾಳು ಯುದ್ಧಾನ?” ಅಪ್ಪ ಅಂಗಡಿಗೆಲ್ಲ ಕೇಳುವಂತೆ ಗದರಿದರು.

ಮೇಷ್ಟ್ರೂ ಸೇರಿ ಎಲ್ಲರೂ ನೆಲ ನೋಡಿದರು. ಮಕ್ಕಳಿಬ್ಬರೂ ಅಪ್ಪನ ತೋಳು ಹಿಡಿದು ಸರಸರನೆ ಹೊರಗೆ ನಡೆದರು.