ನಾಲ್ಕನೇ ಪ್ರೆಸ್ಸಿನ ಒಂಬತ್ತನೆಯ ಸಾಲು

ಮುಚ್ಚಳ ಮೇಸ್ತ್ರಿ ಎಂದು ಎಲ್ಲರೂ ಕರೆಯುವ ನಾನು, ವಯಸ್ಸು 56 ವರ್ಷ, ಉದ್ಯೋಗ ಡಬ್ಬಿ ಕಾರ್ಖಾನೆಯಲ್ಲಿ ಪ್ರೆಸ್ ಸೆಟ್ಟರ್, ವಾಸ ಕಾರ್ಖಾನೆಯ ಹಿಂದಿನ ರಸ್ತೆ, ಮೂರನೇ ಕಟ್ಟಡ, ಮೊದಲ ಮಹಡಿ, ಈ ದಿನ ಮಧ್ಯಾಹ್ನ 2 ಗಂಟೆಗೆ ಠಾಣೆಗೆ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ಬರೆಸುವುದೇನೆಂದರೆ:

ನಾನು ಸದರಿ ಕಾರ್ಖಾನೆಯಲ್ಲಿ 31 ವರ್ಷಗಳಿಂದ ಕೆಲಸ ಮಾಡಿಕೊಂಡಿರುತ್ತೇನೆ. ತಗಡಿನಿಂದ ಡಬ್ಬಿಯ ಮುಚ್ಚಳ ಒತ್ತುವ ನಾಲ್ಕನೇ ನಂಬರಿನ ಪ್ರೆಸ್ ನನ್ನ ಸುಪರ್ದಿನಲ್ಲಿತ್ತು. ಮೇಲಿನ ಅಚ್ಚು ಕೆಳಗಿನ ಅಚ್ಚಿನೊಳಗೆ ಇಳಿಯುವಾಗ ಸುತ್ತ ಒಂದು ಕೂದಲೆಳೆಯಷ್ಟು ಸಂದು ಇರಬೇಕು. ಹೆಚ್ಚಾದರೆ ಮುಚ್ಚಳ ಹಾಳು, ಕಡಿಮೆಯಾದರೆ ಅಚ್ಚು ಹಾಳು. ಈ ಸಂದನ್ನು ನಾನು ದೀಪದ ಬೆಳಕಿನಲ್ಲಿ ಕಣ್ಣಳತೆಯಲ್ಲೇ ಕೂರಿಸುತ್ತಿದ್ದೆ. ನಾನು ರಜೆ ಹಾಕಿದ ದಿನ ಸದರಿ ಪ್ರೆಸ್ಸನ್ನು ಓಡಿಸುತ್ತಿರಲಿಲ್ಲ. ಈ ಮಾತು ಪ್ರಕರಣಕ್ಕೆ ಬೇಕಿಲ್ಲ ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ಹೇಳಿದರು. ಬೇಕು, ಬರೆಯಿರಿ ಎಂದು ನಾನು ಹೇಳಿರುತ್ತೇನೆ.

ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ವಯಸ್ಸು 47, ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದವನು, ಎಂಟು ತಿಂಗಳ ಹಿಂದೆ ನನ್ನ ಕೈಕೆಳಗೆ ಬಂದನು. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಕೇಳುವವನಲ್ಲ. ಸಿಟ್ಟು ಮಾಡಿಕೊಳ್ಳುವವನೂ ಅಲ್ಲ. ಅವನ ಮೇಲೆ ಬೇರೆ ದೂರೇನೂ ಇರುವುದಿಲ್ಲ.

ಇದೇ ಸಮಯದಲ್ಲಿ ಕಾರ್ಖಾನೆಗೆ ಹೊಸದಾಗಿ ಒಬ್ಬ ಮೇಡಂ ಬಂದರು. ನಾವು ಅವರನ್ನು ಸುಧಾರಣೆ ಮೇಡಂ ಎನ್ನುತ್ತೇವೆ. ಬಾಗಿಲ ಬಳಿ ಎಂಟು ಅಡಿ ಉದ್ದದ ಹಲಗೆ ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ತಲೆಯಲ್ಲಿರುವ ಕೆಲಸದ ಗುಟ್ಟನ್ನು ಚೀಟಿಯಲ್ಲಿ ಬರೆದು ಅಲ್ಲಿ ಅಂಟಿಸಬೇಕು, ದಿನಕ್ಕೊಂದಿಷ್ಟಾದರೂ ಕೆಲಸ ಉತ್ತಮವಾಗಬೇಕು ಎಂದರು. ನಾಳೆ ನಾವಿಲ್ಲದಿದ್ದರೂ ನಮ್ಮ ತಿಳಿವಳಿಕೆ ಇರುತ್ತದೆ ಎಂದೂ ಹೇಳಿದರು. ನಾಳೆ ನಾನು ಎಲ್ಲಿಗೆ ಹೋಗುತ್ತೇನೆ ಎಂದು ನಾನು ಕೇಳಿದೆ. ಮೇಡಂ ನನ್ನ ಕೈಗೆ ಒಂದು ಖಾಲಿ ಚೀಟಿ ಕೊಟ್ಟರು.

ಈ ತಿಂಗಳ 1ನೇ ತಾರೀಖು, ಶನಿವಾರ, ಮಧ್ಯಾಹ್ನ 3 ಗಂಟೆಗೆ ಮೇಡಂ ಕೋಣೆಯಲ್ಲಿ ನಾಲ್ಕನೇ ಪ್ರೆಸ್ಸಿನ ಚೀಟಿ ಬರೆಯಲಾಯಿತು. ನಾನು ಹೇಳುವುದು, ಷಡ್ಡಕ ಬರೆಯುವುದು. ಒಂದು ಕೂದಲೆಳೆ ಸಂದು ಎಂದಾಗ ಮೇಡಂ, ಯಾರ ತಲೆಯ ಕೂದಲು ಎಂದು ಕೇಳಿದರು. ಷಡ್ಡಕನು "ಅಣ್ಣನದಂತೂ ಅಲ್ಲ ಮೇಡಂ, ಅಲ್ಲಿ ಹುಡುಕಿದ್ರೂ ಸಿಗಲ್ಲ" ಎಂದನು. ಕೋಣೆಯಲ್ಲಿದ್ದ ಐದು ಜನ ನಕ್ಕರು. ನನ್ನ ತಲೆ ಹೇಗಿದೆ ಎಂಬುದು ತಮ್ಮ ಕಣ್ಣ ಮುಂದೆಯೇ ಇದೆ. ಆಮೇಲೆ ಅವನು ತೆಳ್ಳಗಿನ ಉಕ್ಕಿನ ಪಟ್ಟಿಯೊಂದನ್ನು ತೆಗೆದು, ಕಣ್ಣಳತೆ ಬೇಡ, ಈ ಪಟ್ಟಿ ಸಂದಿಯಲ್ಲಿ ತೂರಿದರೆ ಸರಿ ಎಂದು ತೋರಿಸಿದನು. ನನ್ನ ಮೂವತ್ತೊಂದು ವರ್ಷದ ಕಣ್ಣು ಅವನ ಅಂಗಿಯ ಜೇಬಿನಲ್ಲಿ ಕೂರುವ ಪಟ್ಟಿಯಾಯಿತು. 3 ಗಂಟೆ 50 ನಿಮಿಷಕ್ಕೆ ಚೀಟಿಯಲ್ಲಿ ಎಂಟು ಸಾಲುಗಳಿದ್ದವು. ಕೆಳಗೆ ಸುಧಾರಿಸಿದವರು ಎಂಬ ಜಾಗದಲ್ಲಿ ಮೇಡಂ ಅವನ ಹೆಸರು ಬರೆದರು.

3ನೇ ತಾರೀಖು ಸೋಮವಾರದಿಂದ ನಾಲ್ಕನೇ ಪ್ರೆಸ್ ಅವನಿಗೆ, ಎರಡನೇ ಪ್ರೆಸ್ ನನಗೆ ಎಂದಾಯಿತು. ಎರಡರ ನಡುವೆ 42 ಅಡಿ ಅಂತರವಿದೆ. ಶನಿವಾರದವರೆಗೆ ಆರು ದಿನ ಒಂದು ಮುಚ್ಚಳವೂ ಹಾಳಾಗಲಿಲ್ಲ. 8ನೇ ತಾರೀಖು ಶನಿವಾರ ಸಂಜೆ 4 ಗಂಟೆ 30 ನಿಮಿಷಕ್ಕೆ ಹಲಗೆಯ ಮೇಲೆ ಅವನ ಫೋಟೋ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

9ನೇ ತಾರೀಖು ಭಾನುವಾರ ಬೆಳಿಗ್ಗೆ 11 ಗಂಟೆಗೆ ಅವನು ಹೆಂಡತಿಯೊಂದಿಗೆ ನಮ್ಮ ಮನೆಗೆ ಬಂದನು. ನನ್ನ ಹೆಂಡತಿ ತಂಗಿಯ ಫೋನಿನಲ್ಲಿದ್ದ ಆ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿ, ನೆಂಟರಲ್ಲಿ ಹನ್ನೊಂದು ಜನಕ್ಕೆ ಕಳಿಸಿದಳು. ನಾನು ಎಣಿಸಿರುತ್ತೇನೆ. ನಂತರ ನನ್ನ ಕಡೆ ತಿರುಗಿ "ಇಷ್ಟು ವರ್ಷದಲ್ಲಿ ನಿಮ್ಮದೊಂದೂ ಇಲ್ವಲ್ರೀ" ಎಂದಳು. ಚುಚ್ಚಬೇಕೆಂದು ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಷಡ್ಡಕನು "ಅಕ್ಕಾ, ಅದೆಲ್ಲಾ ಅಣ್ಣಂದೇ, ನಂದೇನಿದೆ" ಎಂದನು. ಅವನು ಸುಮ್ಮನಿದ್ದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

10ನೇ ತಾರೀಖು ಸೋಮವಾರ ಬೆಳಿಗ್ಗೆ 8 ಗಂಟೆಗೆ ಪಾಳಿ ಶುರುವಾಯಿತು. 10 ಗಂಟೆ 24 ನಿಮಿಷಕ್ಕೆ ನಾಲ್ಕನೇ ಪ್ರೆಸ್ ಕಡೆಯಿಂದ ದೊಡ್ಡ ಶಬ್ದ ಬಂತು. ನಾನು ಓಡಿಹೋಗಿ ನೋಡಲಾಗಿ, ಮೇಲಿನ ಅಚ್ಚು ಒಡೆದು ಅದರ ಚೂರು ಸಿಡಿದು, ತಗಡು ಎತ್ತಿಕೊಡುವ ಹೆಂಗಸಿನ ಎಡ ಮುಂಗೈಗೆ ಬಡಿದಿತ್ತು. ನಾವು ಆಕೆಯನ್ನು ತಗಡಕ್ಕ ಎನ್ನುತ್ತೇವೆ. ಷಡ್ಡಕನು ತನ್ನ ಅಂಗಿ ಬಿಚ್ಚಿ ಆಕೆಯ ಕೈಗೆ ಸುತ್ತುತ್ತಿದ್ದನು. ಆಕೆ ನನ್ನನ್ನು ನೋಡಿ "ಇವತ್ತು ನೀರಿಗೆ ಬರ್ಲಿಲ್ವಲ್ಲ ಮೇಸ್ತ್ರಿ" ಎಂದಳು. ಅದರ ಅರ್ಥ ನನಗೆ ತಿಳಿಯಲಿಲ್ಲ. 10 ಗಂಟೆ 40 ನಿಮಿಷಕ್ಕೆ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದರು. ಮೂಳೆ ಮುರಿದಿದೆ ಎಂದು ನಂತರ ತಿಳಿಯಿತು.

ಚೀಟಿ ಬರೆದವನೂ ಪ್ರೆಸ್ ಕೂರಿಸಿದವನೂ ಷಡ್ಡಕನೇ ಆದ್ದರಿಂದ ಅವನ ನಿರ್ಲಕ್ಷ್ಯವೇ ಕಾರಣ ಎಂದು ಕಾರ್ಖಾನೆಯವರು ದೂರು ಕೊಟ್ಟಿರುತ್ತಾರೆ. ನನಗೆ ತಿಳಿದದ್ದು ಇಷ್ಟು. ಅಷ್ಟೇನಾ ಎಂದು ಪೇದೆಯವರು ಕೇಳಿದರು. ಅಷ್ಟೇ ಎಂದು ಹೇಳಿರುತ್ತೇನೆ.

________________

ಮೇಲಿನ ಗೆರೆ ಸಹಿಗಾಗಿ ಎಳೆದದ್ದು. ನಾನು ಸಹಿ ಹಾಕಿಲ್ಲ. ಗೆರೆಯ ಕೆಳಗೆ ಮುಂದುವರಿಸಿ ಬರೆಸುವುದೇನೆಂದರೆ:

ಪೆನ್ನು ಕೈಗೆ ಕೊಡುವ ಮುನ್ನ ಪೇದೆಯವರು, ನನ್ನ ಮಾತೂ ಷಡ್ಡಕನ ಮಾತೂ ತಾಳೆಯಾಗುತ್ತವೆ ಎಂದು ಹೇಳಿ, ಈ ದಿನ ಬೆಳಿಗ್ಗೆ ಅವನು ಕೊಟ್ಟ ಹೇಳಿಕೆಯ ಕೊನೆಯ ಭಾಗವನ್ನು ಓದಿದರು. ಚೀಟಿ ಬರೆದು ಮುಗಿಸಿದಾಗ ಇನ್ನೇನಾದರೂ ಇದೆಯಾ ಎಂದು ಅಣ್ಣನನ್ನು ಕೇಳಿದೆ, ಅಣ್ಣ ಅಷ್ಟೇ ಎಂದರು, ಅವರು ಮರೆಯುವವರಲ್ಲ, ಬಚ್ಚಿಡುವವರೂ ಅಲ್ಲ, ಅವರು ಹೇಳಿದ್ದನ್ನು ನಾನೇ ಸರಿಯಾಗಿ ಬರೆದುಕೊಂಡಿಲ್ಲ, ತಪ್ಪು ಪೂರ್ತಿ ನನ್ನದು ಎಂದು ಅವನು ಬರೆಸಿರುತ್ತಾನೆ. ಅವನು ಈಗಲೂ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾನೆ. ಬಾಗಿಲಿನಿಂದ ಅವನ ಮೊಣಕಾಲು ಕಾಣುತ್ತದೆ.

ಅವನು ಕೇಳಿದ್ದು ನಿಜ. ನಾನು ಅಷ್ಟೇ ಎಂದದ್ದೂ ನಿಜ. ಅದು ಸುಳ್ಳಾಗಿತ್ತು. ನಾಲ್ಕನೇ ಪ್ರೆಸ್ಸಿಗೆ ಒಂಬತ್ತನೆಯ ಸಾಲು ಇದೆ. ಎರಡು ಗಂಟೆ ಓಡಿದ ಮೇಲೆ ಮೇಲಿನ ಅಚ್ಚು ಕಾದು ಹಿಗ್ಗುತ್ತದೆ, ಬೆಳಿಗ್ಗೆ ಬಿಟ್ಟ ಕೂದಲೆಳೆ ಸಂದು ಇಲ್ಲವಾಗುತ್ತದೆ. 10 ಗಂಟೆಗೆ ಮುಂಚೆ ಎಡ ಬದಿಯ ತಿರುಪನ್ನು ಕಾಲು ಸುತ್ತು ಸಡಿಲ ಮಾಡಬೇಕು. ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ಎರಡು ಅಚ್ಚು ಒಡೆದ ಮೇಲೆ ಇದನ್ನು ಕಂಡುಕೊಂಡೆ. ಯಾರಿಗೂ ಹೇಳಲಿಲ್ಲ. ಕುಡಿಯುವ ನೀರಿನ ಡ್ರಮ್ಮು ನಾಲ್ಕನೇ ಪ್ರೆಸ್ಸಿನಿಂದ ಎರಡು ಹೆಜ್ಜೆ ದೂರದಲ್ಲಿದೆ. ದಿನಾ 9 ಗಂಟೆ 50 ನಿಮಿಷಕ್ಕೆ ನೀರು ಕುಡಿಯುವ ನೆಪದಲ್ಲಿ ಹೋಗಿ ತಿರುಪು ತಿರುಗಿಸಿ ಬರುತ್ತಿದ್ದೆ.

3ನೇ ತಾರೀಖಿನಿಂದ 8ನೇ ತಾರೀಖಿನವರೆಗೂ ನಾನು 42 ಅಡಿ ನಡೆದು ನೀರಿಗೆ ಹೋಗಿರುತ್ತೇನೆ. ಆರು ದಿನ ಅಚ್ಚೂ ಮುಚ್ಚಳವೂ ಹಾಳಾಗದಿದ್ದುದಕ್ಕೆ ಕಾರಣ ಚೀಟಿಯಲ್ಲ, ನಾನು. ಫೋಟೋ ಮಾತ್ರ ಅವನದು. ತಗಡಕ್ಕನ ಮಾತಿನ ಅರ್ಥ ತಿಳಿಯಲಿಲ್ಲ ಎಂದು ಮೇಲೆ ಬರೆಸಿದ್ದೂ ಸುಳ್ಳು. ಆ ಹೊತ್ತಿಗೆ ಷಡ್ಡಕನು ಒತ್ತಿದ ಮುಚ್ಚಳಗಳ ಲೆಕ್ಕ ಬರೆಸಲು ಹೋಗಿರುತ್ತಿದ್ದನು, ದಿನಾ ನಾನು ಬರುವುದನ್ನು ನೋಡಿದವಳು ಆಕೆಯೊಬ್ಬಳೇ.

ಸೋಮವಾರ 9 ಗಂಟೆ 50 ನಿಮಿಷಕ್ಕೆ ನಾನು ಎದ್ದು ನಿಂತೆ. ನಾಲ್ಕನೇ ಪ್ರೆಸ್ಸಿಗೆ ಹೋಗುವ ದಾರಿಯಲ್ಲೇ ಹಲಗೆ ಇದೆ. ಫೋಟೋದಲ್ಲಿ ಅವನು ಹಲ್ಲು ಬಿಟ್ಟುಕೊಂಡು ನಗುತ್ತಿದ್ದನು. ಇವತ್ತೊಂದು ದಿನ ಅಚ್ಚು ಹಾಳಾಗಲಿ, ಮೇಡಂ ನನ್ನನ್ನು ಹುಡುಕಿಕೊಂಡು ಬರಲಿ ಎಂದು ನಾನು ಮತ್ತೆ ಕುಳಿತೆ. ಕೈ ಮುರಿಯಲಿ ಎಂದು ಬಯಸಿರಲಿಲ್ಲ. ನೀರಿಗೆ ಹೋಗಲಿಲ್ಲ. ಹೀಗೆ 34 ನಿಮಿಷ ಗಡಿಯಾರ ನೋಡುತ್ತಾ ಕುಳಿತಿದ್ದೆ. ಇದು ಹೊಟ್ಟೆಕಿಚ್ಚಲ್ಲದೆ ಬೇರೇನೂ ಅಲ್ಲ. ಮರೆವು ಎಂದು ಬರೆದುಕೊಳ್ಳಬಹುದೇ ಎಂದು ಪೇದೆಯವರು ಕೇಳಿದರು. ಬೇಡ ಎಂದೆ.

ಈಗಲೂ ನಾನು ಒಳ್ಳೆಯತನಕ್ಕಾಗಿ ಇದನ್ನು ಬರೆಸುತ್ತಿಲ್ಲ. ನನ್ನ ಎಂಟು ಸಾಲುಗಳ ಕೆಳಗೆ ಅವನ ಹೆಸರಿದೆ, ಇರಲಿ. ಈಗ ನನ್ನ ತಪ್ಪಿನ ಕೆಳಗೂ ಅವನೇ ಹೆಸರು ಹಾಕಲು ಹೊರಟಿದ್ದಾನೆ. ಹಾಗಾದರೆ ಹೆಂಡತಿಯ ಮುಂದೆ, ನೆಂಟರ ಮುಂದೆ ಅವನು ಇನ್ನೂ ದೊಡ್ಡವನಾಗುತ್ತಾನೆ, ನಾನು ಅವನ ಉಪಕಾರ ಹೊತ್ತುಕೊಂಡು ಓಡಾಡಬೇಕಾಗುತ್ತದೆ. ಅದಕ್ಕೆ ನಾನು ಒಪ್ಪುವುದಿಲ್ಲ. ಒಡೆದದ್ದು ನನ್ನ ಅಚ್ಚು. ಅವನನ್ನು ಮನೆಗೆ ಕಳಿಸಿ, ಬೆಂಚಿನ ಮೇಲೆ ನನ್ನನ್ನು ಕೂರಿಸಬೇಕಾಗಿ ಕೋರುತ್ತೇನೆ.

ಒಂಬತ್ತನೆಯ ಸಾಲನ್ನು ಚೀಟಿಗೆ ಸೇರಿಸಿ ಹಲಗೆಗೆ ಹಾಕುವಂತೆ ಮೇಡಂಗೆ ತಿಳಿಸಬೇಕು. ಅದರ ಮುಂದೆ ನನ್ನ ಹೆಸರು ಬರೆಯಬೇಕು.

ಗೆರೆಯ ಮೇಲಿನದನ್ನೂ ಕೆಳಗಿನದನ್ನೂ ಓದಿ ಹೇಳಲಾಗಿ ಕೇಳಿರುತ್ತೇನೆ. ಮೇಲಿನದರಲ್ಲಿ ಸುಳ್ಳೆಂದು ನಾನೇ ತೋರಿಸಿದ್ದನ್ನು ಬಿಟ್ಟು ಉಳಿದದ್ದೆಲ್ಲ ನಿಜವಾಗಿರುತ್ತದೆ. ಅಷ್ಟೇನಾ ಎಂದು ಪೇದೆಯವರು ಎರಡನೇ ಸಲ ಕೇಳಿದರು. ಹೌದು, ಈಗ ಅಷ್ಟೇ.

ಸ್ಥಳ: ಪೊಲೀಸ್ ಠಾಣೆ, ಒಳಕೋಣೆ
ದಿನ: 11ನೇ ತಾರೀಖು, ಮಂಗಳವಾರ, ಮಧ್ಯಾಹ್ನ 3 ಗಂಟೆ 50 ನಿಮಿಷ
ಹೇಳಿಕೆ ಕೊಟ್ಟವನ ಸಹಿ: (ಗೆರೆಯ ಕೆಳಗೆ ಹಾಕಿದೆ)