ಎದ್ದ ಕೂಡ್ಲೆ ಒಂದು ಮಾತ್ರೆ

ಆದಿವಾಲ ಊರಿನ ಹೊರಗೆ, ಹೊಲದಲ್ಲಿ ಕುರಿಮಂದೆ ತರುಬಿ ನಿಲ್ಲಿಸಿದ್ದ ಕಡೆ ಮಳೆ ಹಿಡಿದುಕೊಂಡಿತು. ನಾವು ನಾಲ್ಕೈದು ಜನ ಕುರಿ ಕಾಯುವ ಜುಂಜಜ್ಜನ ಟಾರ್ಪಾಲಿನ ಕೆಳಗೆ ನುಗ್ಗಿದೆವು. ಅಜ್ಜ ಕಂಬಳಿ ಸರಿಸಿ ಜಾಗ ಕೊಟ್ಟ. "ದೆವ್ವ ನೋಡಿದ್ದೀಯಂತಲ್ಲಜ್ಜ?" ಅಂತ ನಮ್ಮ ಜೊತೆಗಿದ್ದ ಯಮುನಾ ಕೆಣಕಿದಳು. ಅಷ್ಟೇ ಸಾಕಾಯಿತು.

"ನೋಡಿದ್ದೀನಾ? ಮಾತಾಡಿದ್ದೀನಿ ಕಣವ್ವ! ಕುಂತ್ಕಳ್ರಿ, ಮಧ್ಯ ಬಾಯಿ ಹಾಕಬ್ಯಾಡ್ರಿ.

ಹೋದ ವರ್ಷ ಉಬ್ಬಸ ಜಾಸ್ತಿ ಆಗಿ, ಹಿರಿಯೂರಿನಾಗೆ ಡಾಕ್ಟ್ರಮ್ಮ ಮಾತ್ರೆ ಕೊಟ್ಲು. 'ಎದ್ದ ಕೂಡ್ಲೆ, ಏನಾದ್ರೂ ತಿಂದು ಒಂದು ನುಂಗಜ್ಜ' ಅಂದ್ಲು. ನುಂಗಿದೆ. ಉಬ್ಬಸ ಇಳೀತು... ನಿದ್ದೆನೂ ಹೋಯ್ತು! ಮಂದೆ ಕಾಯೋದು ರಾತ್ರಿ ಎರಡರ ತನಕ ನನ್ನ ಸರದಿ, ಆಮೇಲೆ ನನ್ನ ಮಗ ಮಂಜಣ್ಣಂದು. ಅವನ್ನ ಎಬ್ಬಿಸಿ ಮಲಗಿದ್ರೆ ಕಣ್ಣಿಗೆ ಕಣ್ಣು ಅಂಟಲ್ಲ, ಎದೆ ಡವಡವ ಅಂತೈತೆ, ಒಂದಿಷ್ಟು ಜೊಂಪು ಹತ್ತಿತೋ... ಪಕ್ಕದಾಗೆ ನಮ್ಮಣ್ಣ ತಿಪ್ಪಯ್ಯ! ಸತ್ತು ಆರು ವರ್ಷ ಆಗೈತೆ ಕಣ್ರಲೇ. ಬದುಕಿದ್ದಾಗ ದಿನಾ ಹೆಂಗೆ ಎಬ್ಬಿಸ್ತಿದ್ನೋ ಹಂಗೇ, 'ಏಳೋ ಜುಂಜ, ನಿನ್ನ ಸರದಿ ಬಂತು' ಅಂತಾನೆ. ಸತ್ತೋನು ಯಾವ ಸರದಿಗೆ ಕರೀತಾನೆ, ಹೇಳ್ರಿ?

ಇಪ್ಪತ್ತು ದಿನ ಹಿಂಗೇ. ಆಗ ನಮ್ಮ ಮಂದೆ ಮಾರಿಕಣಿವೆ ಡ್ಯಾಮಿನ ಹಿನ್ನೀರಿನ ಹತ್ರ ಇತ್ತು. ಒಂದಿನ ರಾತ್ರಿ ಅಣ್ಣನ ಹಿಂದೆ ನಡೆದೇ ಬಿಟ್ಟೆ... ಎಚ್ಚರ ಆದಾಗ ಸೊಂಟದ ಮಟ್ಟ ನೀರು! ಮಂಜಣ್ಣ ಓಡಿ ಬಂದು ರಟ್ಟೆ ಹಿಡಿದು ಎಳೆದ. ಇನ್ನೊಂದು ರಾತ್ರಿ ಹಿಂಗಾದ್ರೆ ನಾನು ಉಳಿಯಲ್ಲ ಅಂತ ಅತ್ತುಬಿಟ್ಟೆ ಕಣವ್ವ.

ಸೊಸೆ ನೇತ್ರಾವತಿ ಬೆಳಿಗ್ಗೇನೇ ಡಾಕ್ಟ್ರಮ್ಮನ ಹತ್ರ ಕರ್ಕಂಡು ಹೋದ್ಲು. 'ಮಾತ್ರೆ ಯಾವಾಗ ನುಂಗ್ತೀಯ?' ಅಂತ ಕೇಳಿದ್ಲು ಡಾಕ್ಟ್ರಮ್ಮ. 'ನೀವು ಹೇಳ್ದಂಗೆ, ಎದ್ದ ಕೂಡ್ಲೆ. ರಾತ್ರಿ ಹತ್ತಕ್ಕೆ!' ಸಂಜೆ ಉಂಡು ಒಂದು ನಿದ್ದೆ ತೆಗೆದು, ಹತ್ತಕ್ಕೆ ಎದ್ದು ಮಂದೆ ಕಾಯೋನು ನಾನು... ಇನ್ಯಾವಾಗ ಏಳ್ಲಿ? ಡಾಕ್ಟ್ರಮ್ಮ ತಲೆ ಚಚ್ಚಿಕೊಂಡ್ಲು. 'ಅಯ್ಯೋ, ರಾತ್ರಿ ನುಂಗಿದ್ರೆ ಅದು ನಿದ್ದೆ ಕೆಡಿಸುತ್ತೆ, ಕೆಟ್ಟ ಕನಸೂ ತರುತ್ತೆ. ಮಾತ್ರೆ ಬಿಡಬೇಡ, ಬೆಳಿಗ್ಗೆ ತಿಂಡಿ ಆದ ಮೇಲೆ ನುಂಗು' ಅಂದ್ಲು.

ಹಂಗೇ ಮಾಡಿದೆ. ನಾಲ್ಕನೇ ರಾತ್ರಿ... ಅಬ್ಬಬ್ಬಾ, ಏನು ನಿದ್ದೆ ಅಂತೀರಿ! ಬಿಸಿಲು ಮುಖಕ್ಕೆ ಹೊಡೆದ ಮೇಲೇ ಎಚ್ಚರ. ಎದ್ದವನೇ ಕಂಬಳಿ ಗಿರಗಿರ ತಿರುಗಿಸಿ 'ಗೆದ್ದೆ ಕಣೋ ತಿಪ್ಪಯ್ಯ!' ಅಂತ ಕೂಗಿದೆ, ಸೊಸೆ ನಕ್ಕೂ ನಕ್ಕೂ ಸುಸ್ತಾದ್ಲು."

"ಹಂಗಾದ್ರೆ ಅದು ಬರೀ ಕನಸು ಬಿಡಜ್ಜ" ಅಂದಳು ಯಮುನಾ.

"ಡಾಕ್ಟ್ರಮ್ಮನೂ ಅದನ್ನೇ ಅಂದ್ಲು. ಆದ್ರೆ ಮಂಜಣ್ಣ ಒಂದು ಮಾತು ಹೇಳ್ತಾನೆ... ಎರಡು ಗಂಟೆ ದಾಟಿ, ನಾನು ಗೊರಕೆ ಹೊಡೀತಿರುವಾಗ, ಮಲಗಿರೋ ಕುರಿ ಎಲ್ಲಾ ಒಟ್ಟಿಗೆ ಎದ್ದು, ನನ್ನ ಪಕ್ಕ ಯಾರೋ ನಿಂತಿರೋ ಹಂಗೆ ನೋಡ್ತಾ ನಿಂತ್ಕಂತಾವಂತೆ. ನಿನ್ನೆನೂ ನಿಂತಿದ್ವಂತೆ. ಮಾತ್ರೆ ನುಂಗಿದ್ದು ನಾನು... ಕುರಿ ನುಂಗಿದ್ವೇನವ್ವ? ತಿಪ್ಪಯ್ಯ ಕರೀಲಿ ಬಿಡು, ಗಂಟಲು ಹರಿಯೋ ತನಕ ಕರೀಲಿ. ನಾನು ಏಳೋನಲ್ಲ!"