ಬ್ಯಾಟರಿಯಲ್ಲಿ ಜಾಗ

ಸಾಂತಿಯಾಗೊದ ಏರುಬೀದಿಯ ಬ್ರೆಡ್ ಸಾಲಿಗೆ ಬಂದ ಒನೇಲಿಯಾ, "ಕೊನೆಯವರು ಯಾರು?" ಎಂದು ಕೂಗಿದಳು. ಸ್ಕೂಟರ್ ಅಪಘಾತದಲ್ಲಿ ತೀರಿಕೊಂಡ ಮಗ ಯಾನ್ಸೆಲ್‌ನನ್ನು ಹೋದ ವಾರವಷ್ಟೇ ಮಣ್ಣು ಮಾಡಿದ್ದ ಎದೆಲ್ಮಿರಾ ತಿರುಗದೆಯೇ ಕೈಯೆತ್ತಿದಳು. ಪಕ್ಕದಲ್ಲಿದ್ದವನು ಅವಳ ತಮ್ಮ ರಿಗೊ, ಕರೆಂಟ್ ಸ್ಕೂಟರ್ ರಿಪೇರಿಯವನು. ಬೇಡವೆಂದರೂ ಅವರ ಮಾತು ಒನೇಲಿಯಾಳ ಕಿವಿಗೆ ಬೀಳುತ್ತಿತ್ತು.

"ಚಕ್ರದೊಳಗಿನ ಮೋಟಾರೇ ಇಳಿಜಾರಲ್ಲಿ ಗಾಡಿ ಹಿಡಿಯುತ್ತೆ ಅಂದಿದ್ದೆಯಲ್ಲೋ. ನನ್ನ ಮಗನನ್ನ ಯಾಕೋ ಹಿಡೀಲಿಲ್ಲ?"

"ಹಿಡಿದಾಗ ಹುಟ್ಟೋ ಕರೆಂಟು ಬ್ಯಾಟರಿಗೆ ಹೋಗ್ಬೇಕಕ್ಕ. ಅಲ್ಲಿ ಜಾಗ ಇಲ್ದಿದ್ರೆ ಮೋಟಾರು ಕೈಬಿಡುತ್ತೆ. ಆಮೇಲೆ ಅಷ್ಟು ಭಾರದ ಗಾಡಿ ಸವೆದ ಬ್ರೇಕಿಗೆ ನಿಲ್ಲುತ್ತಾ? ಅದಕ್ಕೇ ಗುಡ್ಡದ ಮೇಲಿನವರು ಪೂರ್ತಿ ಚಾರ್ಜ್ ಮಾಡಲ್ಲ. ಯಾನ್ಸೆಲ್‌ಗೂ ಗೊತ್ತಿತ್ತು. ಯಾವಾಗಲೂ ತುಂಬೋ ಮೊದಲೇ ಚಾರ್ಜಿಂಗ್ ವೈರ್ ಕೀಳ್ತಿದ್ದ."

"ಅವತ್ತೂ ಕಿತ್ತಿಟ್ಟೇ ಮಲಗಿದ್ದ ಕಣೋ. ಎಷ್ಟೋ ದಿನದ ಮೇಲೆ ಕರೆಂಟ್ ಬಂದಿತ್ತು. ಮತ್ತೆ ಯಾವಾಗ ಹೋಗುತ್ತೋ, ಮಗ ನಡುದಾರೀಲಿ ನಿಲ್ಲಬಾರದು ಅಂತ ನಾನೇ ಮತ್ತೆ ಚುಚ್ಚಿದೆ. ತುಂಬೋವರೆಗೂ ತೆಗೀಲಿಲ್ಲ."

ರಿಗೊ ಗಕ್ಕನೆ ಅಕ್ಕನತ್ತ ತಿರುಗಿದ. ಆಮೇಲೆ ನಗಲು ನೋಡಿದ.

"ಅಯ್ಯೋ, ನಾನು ಹೇಳಿದ್ದು ಹೊಸ ಗಾಡಿಗಳ ಮಾತು. ಅವನದು ಹಳೇದು. ಅದು ಎಷ್ಟು ತುಂಬಿದ್ರೂ ಹಿಡಿಯುತ್ತೆ."

"ಹೌದೇನೋ?"

"ಅಮ್ಮನಾಣೆ."

"ಚಿಕ್ಕೋನಿದ್ದಾಗಿಂದ ನೋಡ್ತಿದೀನಿ. ಸುಳ್ಳು ಹೇಳುವಾಗ ಮಾತ್ರ ನೀನು ಅಮ್ಮನ ಆಣೆ ಹಾಕೋದು."

ಅಷ್ಟರಲ್ಲಿ ಅವರ ಸರದಿ ಬಂತು. ಬ್ರೆಡ್ಡಿನ ಚೀಲವನ್ನು ಎದೆಗವಚಿಕೊಂಡು ಎದೆಲ್ಮಿರಾ ಬೀದಿಯ ಕೆಳಗಿನವರೆಗೂ ನೋಡಿದಳು.

"ಬಾರೋ, ಇಳಿಜಾರಿದೆ. ನನ್ನ ಕೈ ಹಿಡ್ಕೊ."